ಬುಟ್ಟಿ ಯಾರ ತಲೆಗೆ?

ದುಡಿಯುವವರ ಚರಿತ್ರೆಯನ್ನು ದುಡಿಯುವವರೇ ಬರೆದಿಟ್ಟದ್ದು ಕಡಿಮೆ. ಹಾಗಾಗಿ ಯಜಮಾನರ ಪಠ್ಯಗಳನ್ನೇ ನಾವು ಕೆಳಗಿನಿಂದ ಓದಬೇಕಾಗುತ್ತದೆ. ಅಂಥದೊಂದು ಪಠ್ಯ ಮೆಸೊಪೊಟೇಮಿಯಾದ, ಅಂದರೆ ಇಂದಿನ ಇರಾಕಿನ, ಅತ್ರಹಾಸಿಸ್ ಪುರಾಣ. ಕ್ರಿ.ಪೂ. 17ನೇ ಶತಮಾನದಲ್ಲಿ, ಬ್ಯಾಬಿಲೋನಿನ ದೊರೆ ಅಮ್ಮಿಸದುಕನ ಕಾಲದಲ್ಲಿ, ಇಪಿಕ್-ಆಯ ಎಂಬ ಕಿರಿಯ ಲಿಪಿಕಾರ ಇದನ್ನು ಮೂರು ಮಣ್ಣಿನ ಫಲಕಗಳ ಮೇಲೆ ನಕಲು ಮಾಡಿದ. ಒಟ್ಟು 1245 ಸಾಲು ಅಂತ ಅವನೇ ಲೆಕ್ಕ ಬರೆದಿಟ್ಟಿದ್ದಾನೆ. ಚೂರಾಗಿ ಚದುರಿದ್ದ ಈ ಪಠ್ಯವನ್ನು ಜೋಡಿಸಿ ಲ್ಯಾಂಬರ್ಟ್ ಮತ್ತು ಮಿಲ್ಲಾರ್ಡ್ ಪ್ರಕಟಿಸಿದ್ದು 1969ರಲ್ಲಿ.

ಬೈಬಲಿನ ನೋಹನ ಪ್ರಳಯಕ್ಕೆ ಇದು ಪೂರ್ವರೂಪ ಅಂತ ಹೇಳಿ ಮುಗಿಸಿಬಿಡುವ ರೂಢಿಯಿದೆ. ನನಗೆ ಮುಖ್ಯ ಎನಿಸುವುದು ಪ್ರಳಯವಲ್ಲ, ಅದಕ್ಕೂ ಮೊದಲು ನಡೆಯುವ ಮುಷ್ಕರ.

ಮನುಷ್ಯ ಇನ್ನೂ ಹುಟ್ಟಿಲ್ಲ. ದೇವತೆಗಳಲ್ಲೇ ಮೇಲು ಕೀಳು. ಮೇಲಿನವರು ಅನುನ್ನಕಿಗಳು, ಕೆಳಗಿನವರು ಇಗಿಗಿಗಳು. ಕಾಲುವೆ ತೋಡುವುದು, ಮಣ್ಣು ಹೊರುವುದು ಇಗಿಗಿಗಳ ಪಾಲು. ಟೈಗ್ರಿಸ್, ಯೂಫ್ರೆಟಿಸ್ ನದಿಗಳನ್ನು ತೋಡಿದ್ದೂ ಅವರೇ. ಪಠ್ಯದಲ್ಲಿ ಈ ದುಡಿಮೆಗೆ ಬರುವ ಪದ 'ಶುಪ್ಶಿಕ್ಕು'. ಅದು ಹೊರುವ ಬುಟ್ಟಿಯೂ ಹೌದು, ಬಿಟ್ಟಿ ಚಾಕರಿಯೂ ಹೌದು. ಹಗಲೂ ರಾತ್ರಿ ದುಡಿದು ಸಾಕಾದವರು ಒಂದು ದಿನ ಗುದ್ದಲಿ ಬುಟ್ಟಿಗಳಿಗೆ ಬೆಂಕಿ ಇಟ್ಟು, ನಡುರಾತ್ರಿ ಎನ್ಲಿಲ್ ದೇವನ ಮನೆಗೆ ಮುತ್ತಿಗೆ ಹಾಕಿದರು. ಮುಂದಾಳು ಯಾರು ಅಂತ ಎನ್ಲಿಲ್ ದೂತನ ಮೂಲಕ ಕೇಳಿಸಿದ. ಯಾರೂ ಹೆಸರು ಹೇಳಲಿಲ್ಲ. ನಾವೆಲ್ಲರೂ ಸೇರಿಯೇ ಅಂದರು.

ಆಮೇಲಿನ ತೀರ್ಮಾನ ನೋಡಿ. ಹೊರೆ ಭಾರವಾಗಿತ್ತು ಅಂತ ಮೇಲಿನವರು ಒಪ್ಪುತ್ತಾರೆ. ಆದರೆ ಹಂಚಿಕೊಳ್ಳುವುದಿಲ್ಲ. ಬುದ್ಧಿಯುಳ್ಳ ಒಬ್ಬ ದೇವರನ್ನು ಕೊಲ್ಲಿಸಿ, ಅವನ ರಕ್ತಮಾಂಸವನ್ನು ಜೇಡಿಮಣ್ಣಿಗೆ ಕಲಸಿ ಮನುಷ್ಯನನ್ನು ಮಾಡಿಸುತ್ತಾರೆ. ಬುಟ್ಟಿ ಮನುಷ್ಯನ ತಲೆಗೆ ಬರುತ್ತದೆ. ಬಿಡುಗಡೆಯಾದ ಇಗಿಗಿಗಳು ಸೃಷ್ಟಿದೇವತೆಯ ಕಾಲಿಗೆ ಮುತ್ತಿಡುತ್ತಾರೆ. ಮುಷ್ಕರ ಗೆದ್ದಿತು, ಬುಟ್ಟಿ ಮಾತ್ರ ಉಳಿಯಿತು. ಅಂಬೇಡ್ಕರ್ ಹೇಳಿದ ಶ್ರೇಣೀಕೃತ ಅಸಮಾನತೆಯ ಒಳಗುಟ್ಟು ಇದೇ ಅಲ್ಲವೆ? ತನ್ನ ಕೆಳಗೆ ಇನ್ನೊಬ್ಬನಿದ್ದಾನೆಂಬ ಸಮಾಧಾನದಲ್ಲೇ ಮೇಲಿನವನ ಮನೆ ಸುಭದ್ರವಾಗುತ್ತದೆ.

1946ರ 'ಹೂ ವರ್ ದಿ ಶೂದ್ರಾಸ್' ಕೃತಿಯ ಮೊದಲಲ್ಲೇ ಅಂಬೇಡ್ಕರ್ ಪುರುಷಸೂಕ್ತವನ್ನು ಬೇರೆ ನಾಡಿನ ಸೃಷ್ಟಿಕತೆಗಳ ಪಕ್ಕದಲ್ಲಿಟ್ಟು ಪ್ರಶ್ನಿಸಿದರು. ಅದೇ ದಾರಿಯಲ್ಲಿ ಈ ಪಠ್ಯವನ್ನೂ ಇಟ್ಟು ನೋಡಬಹುದು. ಪುರುಷಸೂಕ್ತದಲ್ಲಿ ಬಾಯಿಯವನು ಬೇರೆ, ಪಾದದವನು ಬೇರೆ. ಇಲ್ಲಿ ದೊರೆಗೂ ಆಳಿಗೂ ಒಂದೇ ಮಣ್ಣು, ಒಂದೇ ರಕ್ತ. ಹಾಗಂತ ಬ್ಯಾಬಿಲೋನ್ ಸಮಾನತೆಯ ನಾಡಾಗಿರಲಿಲ್ಲ. ಅಮ್ಮಿಸದುಕನ ಪೂರ್ವಿಕ ಹಮ್ಮುರಬಿಯ ಶಾಸನದಲ್ಲಿ ಕುಲೀನನ ಕಣ್ಣು ಕಿತ್ತರೆ ಕಣ್ಣೇ ದಂಡ, ಗುಲಾಮನ ಕಣ್ಣಿಗೆ ಅವನ ಅರ್ಧ ಬೆಲೆ. ಅಮ್ಮಿಸದುಕ ಸ್ವತಃ ಆಜ್ಞೆ ಹೊರಡಿಸಿ ಸಾಲಕ್ಕೆ ಜೀತ ಬಿದ್ದವರನ್ನು ಬಿಡಿಸಿದ. ಮನೆಯಲ್ಲೇ ಹುಟ್ಟಿದ ಗುಲಾಮರಿಗೆ ಆ ಬಿಡುಗಡೆ ಇರಲಿಲ್ಲ. ಹುಟ್ಟಿನ ಸಂಕೋಲೆ ಅಲ್ಲೂ ಇತ್ತು, ಆದರೆ ಈ ಸೃಷ್ಟಿಕತೆ ಅದಕ್ಕೆ ಸಾಕ್ಷಿ ಹೇಳಲಿಲ್ಲ.

ಇನ್ನೊಂದು ಮಾತು. ಸತ್ತ ದೇವರು ವೇ-ಇಲು. ಮನುಷ್ಯ ಎಂಬರ್ಥದ ಅಕ್ಕಾಡಿಯನ್ ಪದ 'ಅವೀಲು'ವಿನಲ್ಲಿ ಅವನ ಹೆಸರೇ ಅಡಗಿದೆ. ದಂಗೆಯ ಮುಂದಾಳು ಅವನೇ ಎಂದು ಹಲವು ವಿದ್ವಾಂಸರ ಓದು. ಅವನ ನೆನಪಿಗೆ ಮುಂದಿನ ಕಾಲವೆಲ್ಲ ಚರ್ಮವಾದ್ಯದ ಸದ್ದು ಕೇಳಬೇಕೆಂದು ಪಠ್ಯ ವಿಧಿಸುತ್ತದೆ. ಅದು ನಮ್ಮ ಎದೆಬಡಿತವೇ ಅಂತ ಕೆಲವರು ಅರ್ಥೈಸುತ್ತಾರೆ. ದುಡಿಸಿಕೊಳ್ಳಲು ಮಾಡಿದ ಜೀವಕ್ಕೆ ಬಂಡಾಯಗಾರನ ರಕ್ತವನ್ನೇ ಬೆರೆಸಬೇಕಾಯಿತು. ಪ್ರಳಯದಲ್ಲಿ ಮನುಷ್ಯರು ಮುಳುಗಿದಾಗ ದೇವತೆಗಳೇ ಹಸಿವಿನಿಂದ ಕಂಗೆಟ್ಟರು. ಮತ್ತೆ ನೈವೇದ್ಯ ಸಿಕ್ಕಾಗ ನೊಣಗಳಂತೆ ಮುತ್ತಿದರು. ಯಾರು ಯಾರ ಅನ್ನ ಉಣ್ಣುತ್ತಿದ್ದಾರೆಂದು ಯಜಮಾನರ ಪುರಾಣವೇ ಬಾಯಿಬಿಟ್ಟಿದೆ.

ಹಾಗಾಗಿ ಚಳವಳಿಯ ಗೆಳೆಯರಿಗೆ ಈ ಮಣ್ಣಿನ ಫಲಕ ಕೇಳುವುದು ಇಷ್ಟೇ: ನಮ್ಮ ತಲೆಯಿಂದ ಇಳಿದ ಬುಟ್ಟಿ ಈಗ ಯಾರ ತಲೆಯ ಮೇಲಿದೆ? ಇಗಿಗಿಗಳು ಇದನ್ನು ಕೇಳಿಕೊಳ್ಳಲಿಲ್ಲ. ನಾವು ಕೇಳಿಕೊಳ್ಳದೆ ವಿಧಿಯಿಲ್ಲ.