ಬಯಲುಸೀಮೆಯ ಕವಡೆ

ಗೋಕಾಕ–ಮೂಡಲಗಿ ಸೀಮೆಯ ಕೌಜಲಗಿಗೆ ಅರಬ್ಬಿ ಸಮುದ್ರವು ಸಹ್ಯಾದ್ರಿಯಾಚೆ ದೂರವಾಗಿದ್ದರೂ, ಕಡಲ ಜೀವಿಯೊಂದರ ಚಿಪ್ಪಾದ ಕವಡೆಯು ಅಲ್ಲಿಯ ಜನರಿಗೆ ತಲೆಮಾರುಗಳಿಂದ ಪರಿಚಿತವಾಗಿರುವುದಕ್ಕೆ ಸವದತ್ತಿಯ ಎಲ್ಲಮ್ಮನ ಗುಡ್ಡವೇ ಮುಖ್ಯ ಕಾರಣ.

ಹುಳುಗಳನ್ನು ಬೇಟೆಯಾಡುವ ಶಂಖದ ಜೀವಿಯೂ ಕವಡೆಯ ಜೀವಿಯೂ ಸಮುದ್ರದ ಬಸವನಹುಳುಗಳೇ ಆಗಿದ್ದು, ಹಣವಾಗಿ ಚಲಾವಣೆಯಲ್ಲಿದ್ದ ಚಿಕ್ಕ ಕವಡೆಯ ಜೀವಿಯು ಮಾತ್ರ ಪಾಚಿಯನ್ನು ಮೇಯುತ್ತದೆ. ಅದರ ಮೈಪೊರೆಯು, ಅಂದರೆ ಚಿಪ್ಪನ್ನು ಸ್ರವಿಸುವ ಮೃದು ಹೊದಿಕೆಯು, ಎರಡೂ ಬದಿಯಿಂದ ಮೇಲೆ ಹರಡಿಕೊಳ್ಳುವುದರಿಂದ ಚಿಪ್ಪು ನುಣುಪಾಗಿ ಉಳಿಯುತ್ತದೆ. ಬೇಗ ಸವೆಯದ, ಸುಲಭವಾಗಿ ನಕಲು ಮಾಡಲಾಗದ ಈ ಗುಣವೇ ಅದನ್ನು ನಾಣ್ಯವಾಗಿಸಿತು. 14ನೆಯ ಶತಮಾನದಲ್ಲಿ ಮಾಲ್ಡೀವ್ಸ್‌ನಲ್ಲಿ ನೆಲೆಸಿದ್ದ ಪ್ರವಾಸಿ ಇಬ್ನ್ ಬತೂತನು, ದ್ವೀಪವಾಸಿಗಳು ಕವಡೆಗಳನ್ನು ಕಡಲಿನಿಂದ ಹೆಕ್ಕಿ, ಗುಂಡಿಯಲ್ಲಿ ಹೂತು ಮಾಂಸ ಕೊಳೆಯಿಸಿ, ಬಂಗಾಳದ ಅಕ್ಕಿಗೆ ವಿನಿಮಯವಾಗಿ ಕೊಡುತ್ತಿದ್ದುದನ್ನು ದಾಖಲಿಸಿದ್ದಾನೆ.

ಹಣವಾಗಿ ಅದರ ಬೆಲೆ ಅಳಿದ ಮೇಲೂ ಬೆಳಗಾವಿ ಸೀಮೆಯಲ್ಲಿ ಕವಡೆಯ ಗೌರವ ಅಳಿಯಲಿಲ್ಲ. ಎಲ್ಲಮ್ಮನ ಗುಡ್ಡದ ಬನದ ಹುಣ್ಣಿಮೆ ಮತ್ತು ಭಾರತ ಹುಣ್ಣಿಮೆಯ ಜಾತ್ರೆಗಳಲ್ಲಿ ದೇವಿಯ ಭಕ್ತರಾದ ಜೋಗತಿಯರೂ ಜೋಗಪ್ಪಂದಿರೂ ಕವಡೆಸರ ಧರಿಸಿ, ಪಡಲಗಿ ಎಂಬ ದೇವಿಯ ಬುಟ್ಟಿಯನ್ನು ಹೊತ್ತು, ಒಂದೇ ತಂತಿಯ ಚೌಡಿಕೆಯನ್ನು ನುಡಿಸುತ್ತ ಹಾಡುತ್ತಾರೆ. ನಾಡಿನ ಜಾನಪದ ಸಂಗೀತದ ಅತ್ಯಂತ ಸತ್ವಶಾಲಿ ಪರಂಪರೆಗಳಲ್ಲಿ ಇದೂ ಒಂದು. ಇದೇ ಆರಾಧನೆಯ ನೆರಳಿನಲ್ಲಿ ಬಡ, ದಲಿತ ಕುಟುಂಬಗಳ ಬಾಲೆಯರಿಗೆ ‘ಮುತ್ತು ಕಟ್ಟಿ’, ಅಂದರೆ ದೇವಿಗೆ ಸಮರ್ಪಿಸಿ, ದೇವದಾಸಿಯರನ್ನಾಗಿಸಿದ್ದು ಮಾತ್ರ ಕ್ರೂರ ಅನ್ಯಾಯ. ಅಂಥ ಸಮರ್ಪಣೆಯನ್ನು ಕರ್ನಾಟಕವು 1982ರ ಕಾಯ್ದೆಯ ಮೂಲಕ ನಿಷೇಧಿಸಿತು.