ಬೊದೊನಿಂದ ಬಾಡ್‌ಗೆ

ಬಾಡ್

ಹಳೆಯ ಸೀರಿಯಲ್ ಪೋರ್ಟಿನೊಡನೆ ಕೆಲಸ ಮಾಡುವವರು 'ಸೆಕೆಂಡಿಗೆ ಬಿಟ್' ಎಂಬರ್ಥದಲ್ಲೇ ಬಳಸುವ ಪದ. ಅದು ಪೂರ್ತಿ ಸರಿಯಲ್ಲ. ಮೂಲ, 1874ರಲ್ಲಿ ತಮ್ಮ ಟೆಲಿಗ್ರಾಫ್ ವಿಧಾನಕ್ಕೆ ಪೇಟೆಂಟ್ ಪಡೆದ ಫ್ರಾನ್ಸಿನ ಎಮಿಲ್ ಬೊದೊ ಅವರ ಹೆಸರು. ಫ್ರೆಂಚರು 'ಬೋ' ಎನ್ನುತ್ತಾರೆ. ಇಂಗ್ಲಿಷಿನ ದಾರಿಯಲ್ಲಿ ಬಂದ ನಮ್ಮ ಪದಕ್ಕೆ ಡಕಾರ ಅಂಟಿಕೊಂಡಿದೆ.

ಬಾಡ್ ಎಣಿಸುವುದು ತಂತಿಯ ಮೇಲಿನ ಸಂಕೇತ ಸೆಕೆಂಡಿಗೆ ಎಷ್ಟು ಸಲ ಬದಲಾಗಬಲ್ಲದು ಎಂಬುದನ್ನು. ಟೆಲಿಗ್ರಾಫಿನಲ್ಲಿ ಒಂದು ಬದಲಾವಣೆಗೆ ಒಂದೇ ಬಿಟ್, ಹಾಗಾಗಿ ಗೊಂದಲವಿರಲಿಲ್ಲ. ದೂರವಾಣಿ ಮೋಡೆಮ್ ಬಂದಾಗ ಎರಡೂ ಬೇರೆಯಾದವು: ವಿ.32 ಮೋಡೆಮ್ 2400 ಬಾಡ್‌ನಲ್ಲೇ ಸೆಕೆಂಡಿಗೆ 9600 ಬಿಟ್ ಸಾಗಿಸಿತು. ಸೀರಿಯಲ್ ಪೋರ್ಟಿನಲ್ಲಿ ಮಾತ್ರ 9600 ಬಾಡ್ ಎಂದರೆ 9600 ಬಿಟ್ಟೇ. ಹಾಗೆಂದು ಬೈಟ್ ಲೆಕ್ಕಕ್ಕೆ ಎಂಟರಿಂದ ಭಾಗಿಸಬೇಡಿ: ಸಾಮಾನ್ಯ ಜೋಡಣೆಯಲ್ಲಿ ಆರಂಭದ, ಕೊನೆಯ ಬಿಟ್ ಸೇರಿ ಬೈಟಿಗೆ ಹತ್ತು ಬಿಟ್, ಸಿಗುವುದು ಸೆಕೆಂಡಿಗೆ 960 ಬೈಟ್.