ಉತ್ತರ ಕೊಟ್ಟವರಿಗೆ 200 ರೂಪಾಯಿ ದಂಡ

ಮುಂಬಯಿ ಕನ್ನಡಿಗರಾದ ನಮಗೆ ಮಹರ್ಷಿ ಧೋಂಡೊ ಕೇಶವ ಕರ್ವೆಯವರ ಹೆಸರು ಪರಿಚಿತ. ಅವರ ಹಿರಿಯ ಮಗ ರಘುನಾಥ ಕರ್ವೆಯವರನ್ನು ಬಲ್ಲವರು ನಮ್ಮಲ್ಲಿ ಕಡಿಮೆ. ವಿಲ್ಸನ್ ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದ ಇವರು 1921ರಲ್ಲಿ ಈ ನಗರದಲ್ಲಿ ಸಂತಾನ ನಿಯಂತ್ರಣದ ಸಲಹಾ ಕೇಂದ್ರವೊಂದನ್ನು ತೆರೆದರು. ಲಂಡನ್ನಿನಲ್ಲಿ ಮೇರಿ ಸ್ಟೋಪ್ಸ್ ತಮ್ಮ ಕ್ಲಿನಿಕ್ ತೆರೆದದ್ದೂ ಅದೇ ವರ್ಷ. ಈ ಪ್ರಚಾರ ಬೇಡವೆಂಬ ಒತ್ತಡ ಬಂದಾಗ 1925ರಲ್ಲಿ ಅವರು ಬಿಟ್ಟದ್ದು ಪ್ರಚಾರವನ್ನಲ್ಲ, ಕೆಲಸವನ್ನು. ಪತ್ನಿ ಮಾಲತಿಬಾಯಿ ದುಡಿದು ಆಸರೆಯಾದರು. ಪಿಂಚಣಿಗೆ ಇನ್ನೆಷ್ಟು ವರ್ಷ ಎಂದು ಬೆರಳು ಮಡಿಸುವ ನನ್ನಂಥ ಗುಮಾಸ್ತನಿಗೆ ಇಂಥ ಧೈರ್ಯವನ್ನು ಊಹಿಸುವುದೂ ಕಷ್ಟ.

1927ರ ಜುಲೈಯಲ್ಲಿ ಅವರು 'ಸಮಾಜ ಸ್ವಾಸ್ಥ್ಯ' ಎಂಬ ಮರಾಠಿ ಮಾಸಿಕವನ್ನು ಆರಂಭಿಸಿದರು. ಮನೆಯಲ್ಲಿ ಬಾಯಿಬಿಡಲಾಗದ ಸಂಗತಿಗಳನ್ನು ಓದುಗರು ಪತ್ರ ಬರೆದು ಕೇಳುತ್ತಿದ್ದರು. ಕರ್ವೆ ನೇರವಾಗಿ ಉತ್ತರಿಸುತ್ತಿದ್ದರು. ಹಸ್ತಮೈಥುನ ಮೊದಲಾದ ವಿಷಯಗಳ ಇಂಥ ಉತ್ತರಗಳೇ ಅಶ್ಲೀಲವೆಂದು 1934ರಲ್ಲಿ ಮೊಕದ್ದಮೆ ನಡೆಯಿತು. ಅವರ ಪರ ನಿಂತವರು ಡಾ. ಅಂಬೇಡ್ಕರ್. ಜನ ಕೇಳಿದ್ದಕ್ಕೆ ತಿಳಿವಳಿಕೆ ಕೊಡುವುದು ಅಶ್ಲೀಲವಾಗದು ಎಂದು ಅವರು ವಾದಿಸಿದರು. ನ್ಯಾಯಾಲಯ ಒಪ್ಪಲಿಲ್ಲ. ದಂಡ 200 ರೂಪಾಯಿ.

ಪ್ರಶ್ನೆಯ ಹಿಂದಿದ್ದ ಭಯವಾದರೂ ಎಂಥದು? ವೀರ್ಯನಾಶವೇ ಪ್ರಾಣನಾಶ, 40 ಹನಿ ರಕ್ತ ಸೇರಿ ಒಂದು ಹನಿ ವೀರ್ಯ ಎಂಬ ಮಾತನ್ನು ನಮ್ಮ ಹುಡುಗರು ಇಂದಿಗೂ ಪಿಸುಗುಟ್ಟುತ್ತಾರೆ. ರೈಲು ಹಳಿಯ ಬದಿಯ ಗೋಡೆಗಳಲ್ಲಿ 'ಗುಪ್ತರೋಗ' ತಜ್ಞರ ಜಾಹೀರಾತುಗಳು ಬದುಕಿದ್ದೇ ಈ ಮಾತಿನ ಮೇಲೆ. ಇದು ನಮ್ಮ ನಾಡಿನ ಮೌಢ್ಯ ಮಾತ್ರ ಎಂದು ತಿಳಿಯಬೇಡಿ. ಸ್ವಿಟ್ಜರ್ಲೆಂಡಿನ ವೈದ್ಯ ಟಿಸೊ 1760ರ ತನ್ನ ಫ್ರೆಂಚ್ ಗ್ರಂಥದಲ್ಲಿ ಒಂದು ಔನ್ಸ್ ವೀರ್ಯ ಕಳೆದರೆ 40 ಔನ್ಸ್ ರಕ್ತ ಕಳೆದುದಕ್ಕಿಂತ ಹೆಚ್ಚು ನಿಶ್ಶಕ್ತಿ ಎಂದು ಬರೆದ. ಅಲ್ಲಿಯೂ 40! ಯುರೋಪು ಬಹುಕಾಲ ಅದನ್ನು ನಂಬಿ ಮಕ್ಕಳನ್ನು ಹೆದರಿಸಿತು.

ಲೆಕ್ಕವನ್ನಾದರೂ ಮಾಡಿ ನೋಡೋಣ. ಒಮ್ಮೆಗೆ ಹೊರಬರುವುದು ಸುಮಾರು 3 ಮಿಲಿಲೀಟರ್. ನಲವತ್ತರಿಂದ ಗುಣಿಸಿದರೆ 120. ರಕ್ತದಾನ ಶಿಬಿರದಲ್ಲಿ 350 ಮಿಲಿಲೀಟರ್ ಕೊಟ್ಟು, ಚಹಾ ಕುಡಿದು, ನಡೆದೇ ಮನೆಗೆ ಬರುತ್ತೇವಲ್ಲ! ಅಂತೂ ಆ ಲೆಕ್ಕಕ್ಕೆ ಬುಡವೇ ಇಲ್ಲ. ವೀರ್ಯದ ಬಹುಭಾಗ ಗ್ರಂಥಿಗಳು ಸ್ರವಿಸುವ ದ್ರವ. ವೀರ್ಯಾಣುಗಳು ವೃಷಣದಲ್ಲಿ ಸುಮಾರು ಎರಡೂವರೆ ತಿಂಗಳಲ್ಲಿ ಬೆಳೆದು, ಎಡೆಬಿಡದೆ ಹೊಸದಾಗಿ ಹುಟ್ಟುತ್ತಲೇ ಇರುತ್ತವೆ. ಸ್ವಪ್ನಸ್ಖಲನ ರೋಗವಲ್ಲ. ರೋಗವಾಗುವುದು ಆ ಭಯ: ನಿದ್ದೆಗೆಡುವ, ಸೊರಗುವ ಇಂಥ ತರುಣರನ್ನು ಕಂಡ ಮನೋವೈದ್ಯ ಡಾ. ನರೇಂದ್ರನಾಥ ವಿಗ್ 1960ರಲ್ಲಿ ಅದಕ್ಕೆ 'ಧಾತ್ ಸಿಂಡ್ರೋಮ್' ಎಂದು ಹೆಸರಿಟ್ಟರು.

ಬ್ರಿಟಿಷ್ ಮುಂಬಯಿಯಲ್ಲಿ ಕರ್ವೆ ಕೋರ್ಟು ಹತ್ತುತ್ತಿದ್ದ ಆ ದಿನಗಳಲ್ಲೇ ನೆರೆಯ ಮೈಸೂರು ಸಂಸ್ಥಾನ ಬೇರೆ ದಾರಿ ಹಿಡಿದಿತ್ತು. ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಕ್ಲಿನಿಕ್ ತೆರೆಯಲು 1930ರ ಜೂನ್ 11ರಂದು ಅದು ಆಜ್ಞೆ ಹೊರಡಿಸಿತು. ಸರ್ಕಾರವೇ ನಡೆಸಿದ ಇಂಥ ಕ್ಲಿನಿಕ್ ಜಗತ್ತಿನಲ್ಲಿ ಅವೇ ಮೊದಲು ಎನ್ನುತ್ತಾರೆ. ಆದರೆ ಅವು ಸಂಸಾರಸ್ಥರಿಗಾಗಿ. ಮೀಸೆ ಚಿಗುರುವ ಹುಡುಗನಿಗೂ, ಮೊದಲ ಮುಟ್ಟಿನ ರಕ್ತ ಕಂಡು ತನಗೇನೋ ಕೇಡಾಯಿತೆಂದು ನಡುಗುವ ಹುಡುಗಿಗೂ ಉತ್ತರ ಹೇಳುವವರು ಅಲ್ಲಿಯೂ ಇರಲಿಲ್ಲ.

ಕರ್ವೆ 1953ರ ಅಕ್ಟೋಬರಿನಲ್ಲಿ ತೀರಿಕೊಂಡರು. ಮಾಸಿಕವೂ ಅದೇ ವರ್ಷ ನಿಂತಿತು. 2001ರಲ್ಲಿ ಅಮೋಲ್ ಪಾಲೇಕರ್ ಅವರ ಬಾಳನ್ನು 'ಧ್ಯಾಸಪರ್ವ' ಎಂಬ ಚಿತ್ರವಾಗಿ ತೆಗೆದರು. ಇಷ್ಟೆಲ್ಲ ಆಗಿಯೂ, ಶಾಲೆಗಳಿಗೆ ಹದಿಹರೆಯದ ಶಿಕ್ಷಣ ಬಂದಾಗ 2007ರಲ್ಲಿ ಅದನ್ನು ತಡೆಹಿಡಿದ ರಾಜ್ಯಗಳಲ್ಲಿ ಕರ್ವೆಯವರ ಮಹಾರಾಷ್ಟ್ರವೂ ಇತ್ತು, ನಮ್ಮ ಕರ್ನಾಟಕವೂ ಇತ್ತು.

ಕನ್ನಡದಲ್ಲಿ ಪುಸ್ತಕವಿಲ್ಲವೆಂದಲ್ಲ. ಡಾ. ಅನುಪಮಾ ನಿರಂಜನರ 'ವಧುವಿಗೆ ಕಿವಿಮಾತು', 'ದಾಂಪತ್ಯ ದೀಪಿಕೆ'ಗಳನ್ನು ನಮ್ಮ ಎಷ್ಟೋ ಮದುವೆಗಳಲ್ಲಿ ಉಡುಗೊರೆಯಾಗಿ ಕೊಟ್ಟಿದ್ದೇವೆ. ಹದಿನಾಲ್ಕರ ಹುಡುಗನಿಗೆ ಇಂಥದೊಂದು ಪುಸ್ತಕವನ್ನು ತಂದೆ ತಾನಾಗಿ ಕೊಟ್ಟದ್ದನ್ನು ಮಾತ್ರ ನಾನಿನ್ನೂ ಕಂಡಿಲ್ಲ.